ಗೇಟಿನ ಮುಂದೆ ಬಿದ್ದ ಎಣ್ಣೆ

ನಮ್ಮಕ್ಕನ ಗಂಡ ಲಾರಿ ಮೇಸ್ತ್ರಿ. ನಾನು ಅದೇ ಶೆಡ್ಡಿನಲ್ಲಿ ವೆಲ್ಡಿಂಗ್ ಮಾಡುತ್ತೇನೆ, ಅವರ ಮನೆಯಲ್ಲೇ ಊಟ, ಅಲ್ಲೇ ನಿದ್ದೆ. ಭಾವನ ಬಗ್ಗೆ ಬರೆಯಬೇಕೆಂದು ಕೂತರೆ ನನಗೆ ನೆನಪಾಗುವುದು ಒಂದೇ ಕೆಲಸ. ಅದನ್ನೇ ಬರೆಯುತ್ತೇನೆ.

ಭಾವ ಕುಳ್ಳಗಿದ್ದಾರೆ, ಆದರೆ ಗಟ್ಟಿ. ಹಳೆಯ ಟ್ಯೂಬನ್ನು ಬೆನ್ನ ಕೆಳಗೆ ಹಾಸಿಕೊಂಡು ಲಾರಿ ಅಡಿಗೆ ಜಾರಿದರೆಂದರೆ ಹೊರಗೆ ಕಾಣುವುದು ಎರಡು ಪಾದ ಮಾತ್ರ. ಗಿರಾಕಿಗಳು ಆ ಪಾದಗಳ ಜೊತೆ ಮಾತಾಡುತ್ತಾರೆ. ಪಾದ ಅಲ್ಲಾಡಿದರೆ ಹೌದು ಎಂದು ಅರ್ಥ.

ಮಾತು ಕಡಿಮೆ. ತಪ್ಪಾಯಿತು ಎನ್ನುವ ಮಾತಂತೂ ಬಾಯಲ್ಲಿ ಬರುವುದೇ ಇಲ್ಲ. ನಮ್ಮಕ್ಕನ ಜೊತೆ ಜಗಳವಾದರೆ ಸುಮ್ಮನೆ ಎದ್ದು ಹೋಗಿ ನಲ್ಲಿಯ ವಾಷರ್ ಬದಲಾಯಿಸುತ್ತಾರೆ, ಕಿಟಕಿಯ ಸ್ಕ್ರೂ ಬಿಗಿ ಮಾಡುತ್ತಾರೆ. ಜಗಳ ಜಾಸ್ತಿಯಾದ ವರ್ಷ ನಮ್ಮ ಮನೆ ಹೊಸದರ ಹಾಗಿತ್ತು.

ಅವರದೊಂದು ಪದ್ಧತಿ ಇತ್ತು. ಯಾವ ಲಾರಿಯ ಡಿಫರೆನ್ಷಿಯಲ್ ಬಿಚ್ಚಿದರೂ, ಕೆಲಸ ಮುಗಿದ ಮೇಲೆ ಅದಕ್ಕೆ ಬ್ರಷ್ಷಿನಲ್ಲಿ ದಪ್ಪಗೆ ಕಪ್ಪು ಬಣ್ಣ ಬಳಿಯುವುದು. ಡಿಫರೆನ್ಷಿಯಲ್ ಎಂದರೆ ಎರಡು ಚಕ್ರಗಳ ನಡುವೆ ಮಡಕೆಯ ಹಾಗೆ ಉಬ್ಬಿರುತ್ತದಲ್ಲ, ಅದು. ಒಳಗೆ ಹಲ್ಲಿನ ಚಕ್ರಗಳು, ಅವು ಮುಳುಗುವಷ್ಟು ಎಣ್ಣೆ. ಲಾರಿ ಅಡಿಗೆ ಯಾರು ಫೋಟೋ ತೆಗೆಯೋಕೆ ಬರ್ತಾರೆ ಎಂದು ಬೇರೆ ಮೇಸ್ತ್ರಿಗಳು ರೇಗಿಸುತ್ತಿದ್ದರು. ಹೊಸ ಕಪ್ಪು ಬಣ್ಣದ ಮೇಲೆ ಒಂದು ಹನಿ ಎಣ್ಣೆ ಬಂದರೂ ಮಿಂಚುತ್ತದೆ, ಸೋರಿಕೆ ಬೇಗ ಗೊತ್ತಾಗುತ್ತದೆ ಎನ್ನುವುದು ಭಾವನ ಲೆಕ್ಕ.

ನಮ್ಮ ಗಿರಾಕಿಗಳಲ್ಲಿ ಒಬ್ಬಳು ಲಾರಿ ಅಕ್ಕ. ಲಾರಿಯೂ ಅವಳದೇ, ಓಡಿಸುವವಳೂ ಅವಳೇ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಎಳೆತ ಇರುವ ಗಾಡಿ, ಹಾಗಾಗಿ ಮುಂದೊಂದು ಹಿಂದೊಂದು ಡಿಫರೆನ್ಷಿಯಲ್. ಹಿಂದಿನದರ ಬೇರಿಂಗ್ ಸದ್ದು ಮಾಡುತ್ತಿದೆ ಎಂದು ತಂದಿದ್ದಳು. ಭಾವ ಬೇರಿಂಗ್ ಹಾಕಿ, ಬಣ್ಣ ಬಳಿದು ಕಳಿಸಿದ್ದರು.

ಆಮೇಲೆ ಅವಳಿಗೆ ಗುಡ್ಡದ ಮೇಲೆ ಕೆಲಸ ಸಿಕ್ಕಿತು. ಊರಿಗೆ ಕುಡಿಯುವ ನೀರು ಬಿಡುವ ದೊಡ್ಡ ತೊಟ್ಟಿ ಅಲ್ಲಿದೆ. ಅದರ ಗೋಡೆ ರಿಪೇರಿಗೆ ಮರಳು, ಸಿಮೆಂಟು ಏರಿಸಬೇಕು. ದಾರಿ ಕಡಿದಾದದ್ದು, ಅದರ ಮೇಲೆ ಕೆಸರು. ಅವಳ ಗಾಡಿಯಂಥದ್ದೇ ಹತ್ತಬೇಕು. ಆದರೆ ಅಲ್ಲಿ ಒಂದು ನಿಯಮ. ಲಾರಿ ಗೇಟಿನ ಮುಂದೆ ನಿಲ್ಲಬೇಕು, ವಾಚ್‌ಮನ್ ಅಡಿಗೆ ಒಂದು ರಟ್ಟು ತಳ್ಳುತ್ತಾನೆ. ರಟ್ಟಿನ ಮೇಲೆ ಒಂದು ಹನಿ ಎಣ್ಣೆ ಬಿದ್ದರೂ ಲಾರಿ ವಾಪಸ್. ಕುಡಿಯುವ ನೀರಿನ ವಿಷಯ, ತಪ್ಪು ಅನ್ನುವ ಹಾಗಿಲ್ಲ.

ಮೊದಲ ಸಲವೇ ಹಿಂದಿನ ಡಿಫರೆನ್ಷಿಯಲ್‌ನಿಂದ ಹನಿ ಬಿತ್ತು. ವಾಪಸ್ ಬಂದಳು. ಶೆಡ್ಡಿನಲ್ಲಿ ನೋಡಿದರೆ ಎಂಜಿನ್ ಕಡೆಯಿಂದ ಬರುವ ಶಾಫ್ಟ್ ಸೇರುವ ಜಾಗದಲ್ಲಿ ಒದ್ದೆ. ಭಾವ ಅಲ್ಲಿ ಎಣ್ಣೆ ತಡೆಯುವ ರಬ್ಬರ್ ಸೀಲ್ ಬದಲಾಯಿಸಿದರು, ಒರೆಸಿದರು, ಮತ್ತೆ ಬಣ್ಣ ಬಳಿದರು. ಹೋದಳು. ಮತ್ತೆ ಹನಿ ಬಿತ್ತು. ಈ ಸಲ ಮೇಲಿನವರು ಇನ್ನೊಂದು ಸಲ ಹೀಗಾದರೆ ಬೇರೆ ಲಾರಿ ನೋಡುತ್ತೇವೆ ಎಂದು ಹೇಳಿ ಕಳಿಸಿದ್ದರು. ಆ ಕೆಲಸ ಬಿಟ್ಟರೆ ಆ ವರ್ಷ ಅವಳ ಕೈಯಲ್ಲಿ ಬೇರೆ ಕೆಲಸ ಇರಲಿಲ್ಲ.

ಅವಳು ಶೆಡ್ಡಿಗೆ ಬಂದಾಗ ನಾನು ಒಂದು ಚಾಸಿಸ್‌ಗೆ ಪಟ್ಟಿ ಬೆಸೆಯುತ್ತಿದ್ದೆ. ಅವಳ ಮುಖ ನೋಡಿ ವೆಲ್ಡಿಂಗ್ ನಿಲ್ಲಿಸಿದೆ. ಭಾವ ಅಡಿಗೆ ಹೋಗಿ ನೋಡಿದರು. ನಿಂತ ಲಾರಿ ಹೊಸದಾಗಿ ಒಂದು ಹನಿಯೂ ಬಿಡುತ್ತಿರಲಿಲ್ಲ. ಸೀಲ್ ಹೊಸದು, ಅದರ ಮೇಲೆ ಸಂಶಯ ಬೇಡ ಎಂದರು. ವಾಚ್‌ಮನ್ ಬೇರೆಯವರ ಲಾರಿಗೆ ಇಟ್ಟ ರಟ್ಟನ್ನೇ ಮತ್ತೆ ಇಟ್ಟಿರಬಹುದು ಎಂದೂ ಹೇಳಿಬಿಟ್ಟರು.

"ರಟ್ಟು ಹೊಸದು ಮೇಸ್ತ್ರಿ, ಕಣ್ಣಾರೆ ನೋಡಿದ್ದೀನಿ," ಎಂದಳು ಲಾರಿ ಅಕ್ಕ. "ನಿಮ್ಮ ಶೆಡ್ಡಲ್ಲಿ ಇದು ಒಳ್ಳೆ ಮಗು ಥರ ಇರುತ್ತೆ. ಅಲ್ಲಿ ಹೋಗಿ ನನ್ನ ಮಾನ ಕಳೆಯುತ್ತೆ."

ಭಾವನ ಪಾದ ಅಲ್ಲಾಡಲಿಲ್ಲ.

ಎಣ್ಣೆಯ ಸೋರಿಕೆಯಲ್ಲಿ ಒಂದು ಮೋಸ ಇದೆ. ಒದ್ದೆ ಕಂಡ ಜಾಗವೇ ಸೋರುವ ಜಾಗ ಆಗಿರಬೇಕಿಲ್ಲ. ಓಡುವಾಗ ಗಾಳಿ ಎಣ್ಣೆಯನ್ನು ಎಲ್ಲೆಲ್ಲಿಗೋ ಎಳೆದುಕೊಂಡು ಹೋಗುತ್ತದೆ. ಅದಕ್ಕೆ ಭಾವ ಹಿಂದಿನ ಆಕ್ಸಲ್ ಪೂರ್ತಿ ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ, ಮನೆಯಿಂದ ಪೌಡರ್ ಡಬ್ಬಿ ತರಿಸಿ ಎಲ್ಲ ಕಡೆ ಉದುರಿಸಿದರು. ಎಣ್ಣೆ ಎಲ್ಲಿ ಹುಟ್ಟುತ್ತದೋ ಅಲ್ಲಿ ಪೌಡರ್ ಮೊದಲು ಕಪ್ಪಾಗುತ್ತದೆ. ಡಬ್ಬಿ ಕೊಡುವಾಗ ನಮ್ಮಕ್ಕ, ಹೆಂಡತಿಗೆ ಒಂದು ಡಬ್ಬಿ ಪೌಡರ್ ತರದ ಗಂಡ ಲಾರಿ ಹೊಟ್ಟೆಗೆ ಬಳಿಯುತ್ತಿದ್ದಾನೆ ಎಂದು ಅಕ್ಕಪಕ್ಕದವರಿಗೆಲ್ಲ ಕೇಳುವ ಹಾಗೆ ಹೇಳಿದಳು.

ಖಾಲಿ ಲಾರಿಯನ್ನು ಊರೊಳಗೆ ಒಂದು ಸುತ್ತು ಓಡಿಸಿ ತಂದರು. ಪೌಡರ್ ಬಿಳಿಯಾಗಿಯೇ ಇತ್ತು. ಭಾವ ಅಡಿಯಿಂದ ಎದ್ದು ಬಂದರು. ಖಾಲಿ ಓಡಿದರೆ ಸೋರುವುದಿಲ್ಲ, ನಿಂತರೂ ಸೋರುವುದಿಲ್ಲ. ಹಾಗಾದರೆ ಭಾರ ಹೊತ್ತು ಏರು ಹತ್ತಿ ಬಿಸಿಯಾದಾಗ ನೋಡಬೇಕು ಎಂದರು. ಅಂದರೆ ಗೇಟಿನ ಹತ್ತಿರವೇ. ಲಾರಿ ಅಕ್ಕ ಒಂದು ಕ್ಷಣ ಯೋಚಿಸಿ ಒಪ್ಪಿದಳು. ಅವಳಿಗೆ ಉಳಿದಿದ್ದು ಅದೊಂದೇ ಸಲ.

ಮರಳು ತುಂಬಿಸಿ ಹೊರಟೆವು. ಭಾವ, ನಾನು, ಲಾರಿ ಅಕ್ಕ. ದಾರಿಯುದ್ದಕ್ಕೂ ಅವಳು ಗೇರಿನ ಜೊತೆ ಮಾತಾಡಿದಳೇ ಹೊರತು ನಮ್ಮ ಜೊತೆ ಅಲ್ಲ.

ಗೇಟಿನಲ್ಲಿ ವಾಚ್‌ಮನ್ ರಟ್ಟು ತಳ್ಳಿದ. ನಾವು ಬಗ್ಗಿ ನೋಡುತ್ತಿದ್ದ ಹಾಗೆಯೇ ಹನಿ ಬಿತ್ತು. ಲಾರಿ ಅಕ್ಕ ಮತ್ತೆ ಹತ್ತಿ ಸ್ಟೇರಿಂಗ್ ಮೇಲೆ ತಲೆ ಇಟ್ಟು ಕೂತಳು. ವಾಚ್‌ಮನ್ ಕೆಟ್ಟವನಲ್ಲ. ಮೇಲೆ ತಿಳಿಸಲೇಬೇಕು ಎಂದ. ತಿಳಿಸುವ ಮುಂಚೆ ಒಂದು ಸಲ ನೋಡಲು ಬಿಡು ಎಂದು ಭಾವ ಕೇಳಿಕೊಂಡರು. ಅವನು ಬೀಡಿ ಹಚ್ಚಿ ಆ ಕಡೆ ತಿರುಗಿ ನಿಂತ.

ಭಾವ ಅಡಿಗೆ ಹೋದರು, ನಾನೂ ಹೋದೆ. ಪೌಡರ್ ಮೂರು ಕಡೆ ಕಪ್ಪಾಗಿತ್ತು. ಶಾಫ್ಟಿನ ಸೀಲ್ ಹತ್ತಿರ, ಎಡ ಚಕ್ರದ ಹತ್ತಿರ, ಬಲ ಚಕ್ರದ ಹತ್ತಿರ. ಮೂರು ಸೀಲೂ ಒಟ್ಟಿಗೆ ಕೆಡೋದಿಲ್ಲ ಎಂದು ಗೊಣಗಿದರು. ಎಣ್ಣೆ ತುಂಬುವ ಬಾಯಿಯ ಬೋಲ್ಟನ್ನು ಸ್ಪ್ಯಾನರಿನಲ್ಲಿ ಮೆಲ್ಲಗೆ ಸಡಿಲ ಮಾಡಿದರು. ಕುಕ್ಕರ್ ಕೂಗಿದ ಹಾಗೆ ಸುಯ್ಯೆಂದು ಗಾಳಿ ಹೊರಗೆ ಬಂತು, ಜೊತೆಗೆ ಬಿಸಿ ಎಣ್ಣೆ ಅವರ ಗಲ್ಲಕ್ಕೆ ಎರಚಿತು. ಒರೆಸಿಕೊಳ್ಳಲಿಲ್ಲ.

ಡಿಫರೆನ್ಷಿಯಲ್ ಮೇಲೆ ಹೆಬ್ಬೆರಳಿನಷ್ಟು ದೊಡ್ಡ, ಸಡಿಲವಾಗಿ ತಿರುಗುವ ಲೋಹದ ಟೋಪಿ ಇರುತ್ತದೆ. ಒಳಗಿನ ಗಾಳಿ ಬಿಸಿಯಾಗಿ ಉಬ್ಬಿದಾಗ ಅದರ ತೂತಿನಿಂದ ಹೊರಗೆ ಹೋಗಬೇಕು. ಅದು ಕಟ್ಟಿಕೊಂಡರೆ ಗಾಳಿ ಎಣ್ಣೆಯನ್ನು ಸೀಲುಗಳ ಸಂದಿಯಿಂದ ಹೊರಗೆ ನೂಕುತ್ತದೆ. ಭಾವ ಕೈ ಮೇಲೆ ತೂರಿಸಿ ಟೋಪಿ ಮುಟ್ಟಿದರು. ತಿರುಗಲಿಲ್ಲ. ಹೊರಗೆ ಬಂದು ಮುಂದಿನ ಆಕ್ಸಲ್ ಅಡಿಗೆ ಹೋಗಿ ಅಲ್ಲಿಯದನ್ನು ಮುಟ್ಟಿದರು. ಅದು ಬೆರಳಿಗೆ ಸಲೀಸಾಗಿ ತಿರುಗಿತು. ಮುಂದಿನದನ್ನು ಅವರು ಯಾವತ್ತೂ ಬಿಚ್ಚಿರಲಿಲ್ಲ, ಬಣ್ಣವನ್ನೂ ಬಳಿದಿರಲಿಲ್ಲ.

ಮತ್ತೆ ಹಿಂದೆ ಬಂದು ಉಗುರಿನಲ್ಲಿ ಕೆರೆದು ನೋಡಿಕೊಂಡರು. ಉಗುರಿನೊಳಗೆ ಕಪ್ಪು ಬಣ್ಣದ ಚಕ್ಕೆ.

ಹೊರಗೆ ಬಂದು ಚಕ್ರಕ್ಕೆ ಒರಗಿ ಕೂತರು. ಲಾರಿ ಅಕ್ಕ ಇಳಿದು ಬಂದು ಏನಾಯ್ತು ಎಂದು ಕೇಳಿದಳು. ದಾರಿ ತುಂಬ ಕೆಸರು, ಟೋಪಿಗೆ ಕೆಸರು ತುಂಬಿಕೊಂಡಿರಬೇಕು ಎಂದು ನಾನು ಬಾಯಿ ಹಾಕಿದೆ. ಭಾವ ಕೈಯೆತ್ತಿ ನನ್ನನ್ನು ತಡೆದರು.

"ಕೆಸರಲ್ಲಮ್ಮ, ನನ್ನ ಬಣ್ಣ. ಗಾಳಿ ಹೋಗೋ ತೂತನ್ನ ನಾನೇ ಮುಚ್ಚಿದ್ದೀನಿ. ಸೀಲು ಬದಲಾಯಿಸಿದಾಗ ಇನ್ನೊಂದು ಸಲ ಬಳಿದು ಇನ್ನೂ ಭದ್ರ ಮಾಡಿದ್ದೀನಿ. ನಿನ್ನ ಲಾರಿಯಲ್ಲಿ ದೋಷ ಇಲ್ಲ. ತಪ್ಪು ನಂದು."

ಅವಳು ಲಾರಿಯ ಬದಿಯ ಮೇಲೆ ಅಂಗೈ ಇಟ್ಟಳು.

"ಎರಡು ಸಲ ವಾಪಸ್ ಬಂದೆ ಮೇಸ್ತ್ರಿ," ಎಂದಳು ಆಮೇಲೆ. "ದಾರಿಯುದ್ದಕ್ಕೂ ಈ ಗಾಡಿನ ಬೈಕೊಂಡು ಬಂದೆ."

"ಹೂಂ. ನನ್ನ ಬೈಬೇಕಿತ್ತು."

ಭಾವ ಎದ್ದು ವಾಚ್‌ಮನ್ ಹತ್ತಿರ ಹೋಗಿ ಅದನ್ನೇ ಮತ್ತೆ ಹೇಳಿದರು. ಅಲ್ಲಿ ಮರಳು ಜರಡಿ ಹಿಡಿಯುತ್ತಿದ್ದ ಆಳುಗಳಿಗೂ ಕೇಳಿಸಿತು. ಲಾರಿ ಕೆಟ್ಟದ್ದು ಅಂತ ಮೇಲೆ ಹೇಳಬೇಡ, ಮೇಸ್ತ್ರಿ ಕೆಲಸ ಕೆಡಿಸಿದ್ದ ಅಂತ ಹೇಳು ಎಂದರು. ವಾಚ್‌ಮನ್ ಬೀಡಿ ಆರಿಸಿ, ಅದೆಲ್ಲ ತನಗೆ ಗೊತ್ತಾಗುವುದಿಲ್ಲ, ತನಗೆ ಗೊತ್ತಿರುವುದು ರಟ್ಟು ಮಾತ್ರ ಎಂದ. ಸರಿ ಮಾಡಿ, ಕೆಳಗೆ ಹೋಗಿ ಇದೇ ಭಾರದಲ್ಲಿ ಹತ್ತಿ ಬರಲಿ, ರಟ್ಟು ಒಣಗಿದ್ದರೆ ಗೇಟು ತೆಗೆಯುತ್ತೇನೆ ಎಂದ.

ಭಾವ ತಂತಿಯಲ್ಲಿ ಬಣ್ಣ ಕೆರೆದು ತೆಗೆದರು. ಟೋಪಿ ತಿರುಗಿತು. ಸೋರಿದಷ್ಟು ಎಣ್ಣೆ ಮತ್ತೆ ತುಂಬಿ, ಅಡಿಯೆಲ್ಲ ಒರೆಸಿದರು. ನೆಲದ ಮೇಲೆ ಬಿದ್ದ ಎಣ್ಣೆಯನ್ನೂ ಮಣ್ಣು ಸಮೇತ ಬಾಚಿ ಚೀಲಕ್ಕೆ ಹಾಕಿದರು. ಲಾರಿ ಅಕ್ಕ ಒಬ್ಬಳೇ ಕೆಳಗೆ ಇಳಿಸಿಕೊಂಡು ಹೋದಳು.

ಭಾವ ನಿಂತೇ ಇದ್ದರು. ನೀವು ನಿಂತರೆ ಲಾರಿ ಬೇಗ ಬರುತ್ತಾ ಎಂದು ವಾಚ್‌ಮನ್ ಸ್ಟೂಲ್ ತೋರಿಸಿದ. ಕೂರಲಿಲ್ಲ. ಕೊನೆಗೆ ಏರಿನ ತಿರುವಿನಲ್ಲಿ ಎಂಜಿನ್ ಕಿರುಚುವುದು ಕೇಳಿಸಿತು. ಲಾರಿ ಬಂದು ನಿಂತಿತು, ಹೊಸ ರಟ್ಟು ಅಡಿಗೆ ಹೋಯಿತು. ಒಲೆಯ ಮೇಲಿನ ಹಾಲು ಕಾಯುವವರ ಹಾಗೆ ನಾಲ್ಕೂ ಜನ ಬಗ್ಗಿ ನೋಡಿದೆವು. ಆಕ್ಸಲ್ ಬಿಸಿಗೆ ಟಿಕ್ ಟಿಕ್ ಎನ್ನುತ್ತಿತ್ತು. ಏನೂ ಬೀಳಲಿಲ್ಲ. ವಾಚ್‌ಮನ್ ರಟ್ಟು ಎಳೆದು, ತಿರುಗಿಸಿ ನೋಡಿ, ಕಂಕುಳಲ್ಲಿ ಇಟ್ಟುಕೊಂಡು ಗೇಟು ತೆಗೆದ.

ಒಳಗೆ ಹೋಗಲು ಚೀಟಿ ಇದ್ದದ್ದು ಲಾರಿ ಅಕ್ಕನಿಗೆ ಮಾತ್ರ. ಭಾವ, ನಾನು ನಡೆದುಕೊಂಡು ಇಳಿಯತೊಡಗಿದೆವು. ಗಲ್ಲಕ್ಕೆ ಉರಿ ಇದೆಯಾ ಎಂದು ಕೇಳಿದೆ. ಇಲ್ಲ ಎಂದರು. ಗುಳ್ಳೆ ಎದ್ದಿತ್ತು.

ಅರ್ಧ ದಾರಿಗೆ ಬಂದಿದ್ದೆವು. ಹಿಂದಿನಿಂದ ಲಾರಿ ಬಂದು ನಿಂತಿತು. ಲಾರಿ ಅಕ್ಕ ಕಿಟಕಿಯಿಂದ ಬಗ್ಗಿದಳು.

"ಮರಳು ಇಳಿಸೋ ಹೊತ್ತಿಗೆ ಅಲ್ಲೂ ರಟ್ಟು ಇಟ್ಟಿದ್ರು. ಒಣಗೇ ಇತ್ತು. ನಾಳೆಯಿಂದ ದಿನಾ ಬಾ ಅಂದ್ರು."

ಭಾವ ತಲೆ ಆಡಿಸಿ, ಲಾರಿಯ ಹಿಂದಕ್ಕೆ ಹೋಗಿ ಮಂಡಿ ಊರಿ ಅಡಿಗೆ ಇಣುಕಿದರು.

"ಹತ್ತಿ ಮೇಸ್ತ್ರಿ, ನೋಡಿದ್ದು ಸಾಕು," ಎಂದಳು. ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ.

ಭಾವ ಬಾಗಿಲು ತೆಗೆದು, ಹತ್ತದೆ, ನನ್ನ ಕಡೆ ತಿರುಗಿದರು.

"ನೀನು ಮಧ್ಯ ಕೂತ್ಕೋ," ಎಂದರು.