ಬ್ರೇಕ್ ಒತ್ತಲು ಒಂದು ಕಾಲು

ಅವರನ್ನು ಎಲ್ಲರೂ ಕರೆಯುತ್ತಿದ್ದದ್ದು ಕ್ಲಚ್ ಮೇಷ್ಟ್ರು ಎಂದೇ. ಡ್ರೈವಿಂಗ್ ಕಲಿಸುವುದು ಅವರ ಕಸುಬು. ಬೆಳಗಿನಿಂದ ಸಂಜೆಯವರೆಗೆ ಪಕ್ಕದ ಸೀಟಿನಲ್ಲಿ ಕೂತು "ಕ್ಲಚ್ಚು, ಕ್ಲಚ್ಚು, ನಿಧಾನ" ಎಂದು ಹೇಳಿ ಹೇಳಿ ಆ ಹೆಸರು ಅಂಟಿಕೊಂಡಿತ್ತು. ಗಾಡಿ ಅವರದೇ. ನೆತ್ತಿಯ ಮೇಲೊಂದು ಬೋರ್ಡು, ಅವರ ಕಾಲ ಬಳಿಯೂ ಒಂದು ಬ್ರೇಕು, ಒಂದು ಕ್ಲಚ್ಚು.

ರಸ್ತೆಯ ಮೇಲೆ ಕಣ್ಣು ನೆಟ್ಟವರ ಬಾಯಿ ಯಾಕೋ ಸಡಿಲವಾಗುತ್ತದೆ. ಮುಖ ನೋಡದೆ ಮಾತಾಡಬಹುದಲ್ಲ, ಅದಕ್ಕಿರಬೇಕು. ಅತ್ತೆಯ ಕಾಟ, ಆಫೀಸಿನ ರಗಳೆ, ಮುರಿದುಬಿದ್ದ ಮದುವೆ, ಎಲ್ಲವನ್ನೂ ಶಿಷ್ಯರು ಮೇಷ್ಟ್ರ ಕಿವಿಗೆ ಹಾಕುತ್ತಿದ್ದರು. ಲೈಸೆನ್ಸ್ ಕೈಗೆ ಬಂದ ಮೇಲೆ ಮಾತ್ರ ಒಬ್ಬರೂ ಇತ್ತ ತಲೆಹಾಕುತ್ತಿರಲಿಲ್ಲ. ಎಷ್ಟೋ ಸಲ ಸಿಗ್ನಲ್ಲಿನಲ್ಲಿ ಹಳೆಯ ಶಿಷ್ಯರ ಗಾಡಿ ಪಕ್ಕದಲ್ಲೇ ಬಂದು ನಿಂತು, ದೀಪ ಹಸಿರಾದೊಡನೆ ಹೊರಟುಹೋಗುತ್ತಿತ್ತು. ಮೇಷ್ಟ್ರಿಗೆ ಅದರ ಬಗ್ಗೆ ಬೇಸರವಿರಲಿಲ್ಲ. ಕನ್ನಡಿ ನೋಡಿ ಎಂದು ಕಲಿಸಿದವರು ತಾವೇ. ಪಕ್ಕದ ಗಾಡಿಯಲ್ಲಿ ಯಾರಿದ್ದಾರೆ ನೋಡಿ ಎಂದು ಕಲಿಸಿರಲಿಲ್ಲ.

ಮನೆ ಎಂದರೆ ಎರಡನೆಯ ಮಹಡಿಯಲ್ಲಿ ಎರಡು ಕೋಣೆ. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳುವವರು ಮುಗಿದು ಎಷ್ಟೋ ಕಾಲವಾಗಿತ್ತು. ಜೊತೆಗೆ ಅಕ್ಕ ಇದ್ದಳು. ಆಕೆ ಪರದೆ, ದಿಂಬಿನ ಚೀಲ ಹೊಲಿಯುತ್ತಿದ್ದಳು. ತಮ್ಮನ ಕೂದಲು ನರೆತರೂ "ಮರೀ, ಊಟಕ್ಕೆ ಬಾರೋ" ಎಂದೇ ಕರೆಯುತ್ತಿದ್ದಳು. ಒಂದು ಮಧ್ಯಾಹ್ನ ಹೊಲಿಗೆ ಮಿಷನ್ನಿನ ಮೇಲೆ ತಲೆಯಿಟ್ಟು ಮಲಗಿದವಳು ಏಳಲಿಲ್ಲ. ಅದಾದ ಮೇಲೆ ಮೇಷ್ಟ್ರಿಗೆ ಮನೆಯೊಳಗೆ ಬಾಯಿ ತೆರೆಯುವ ಪ್ರಸಂಗವೇ ಬರಲಿಲ್ಲ. ಕುಕ್ಕರಿನ ಸದ್ದು ಒಂದು, ಗಡಿಯಾರದ್ದು ಇನ್ನೊಂದು.

ಹಾಗಾಗಿ ಗಾಡಿಯ ಸರ್ವಿಸ್ ದಿನವೆಂದರೆ ಅವರಿಗೆ ಒಳಗೊಳಗೇ ಸಂತೋಷ. ಗಾಡಿ ಕೊಂಡ ಕಂಪನಿಯ ಶೋರೂಮಿನದೇ ಸರ್ವಿಸ್ ಸೆಂಟರು. ಗಾಜಿನ ಗೋಡೆ, ಮೆತ್ತನೆಯ ಸೋಫಾ, ಗುಂಡಿ ಒತ್ತಿದರೆ ಕಾಫಿ ಸುರಿಯುವ ಮಿಷನ್ನು. ಟೈ ಕಟ್ಟಿದ ಸಲಹೆಗಾರನೊಬ್ಬ ಬಾಗಿಲಿಗೇ ಬಂದು, "ಹೇಗಿದ್ದೀರಿ ಸರ್? ಆರೋಗ್ಯ ಹೇಗಿದೆ?" ಎನ್ನುತ್ತಿದ್ದ. ಮರುದಿನ ಅಲ್ಲಿಂದಲೇ ಒಂದು ಹೆಣ್ಣುದನಿ ಫೋನ್ ಮಾಡಿ, "ನಮ್ಮ ಸೇವೆ ನಿಮಗೆ ತೃಪ್ತಿ ತಂದಿದೆಯಾ?" ಎಂದು ವಿಚಾರಿಸುತ್ತಿತ್ತು. ಮೇಷ್ಟ್ರು ಆ ಫೋನಿಗೆ ಸಾವಕಾಶವಾಗಿ ಉತ್ತರ ಕೊಡುತ್ತಿದ್ದರು. ಹವೆ, ಟ್ರಾಫಿಕ್ಕು, ಈ ಕಾಲದ ಹುಡುಗರ ಅವಸರ. ಆ ಕಡೆಯವಳು ಪಾಪ, "ಸರಿ ಸರ್, ಸರಿ ಸರ್" ಎನ್ನುತ್ತಿದ್ದಳು.

ಗಾಡಿಯೇನೋ ತೊಳೆದು, ಒರೆಸಿ, ಸುವಾಸನೆ ಹೊಡೆದು ಮದುಮಗಳ ಹಾಗೆ ಹೊರಗೆ ಬರುತ್ತಿತ್ತು. ಬ್ರೇಕ್ ಹಿಡಿದಾಗ ಕಿರ್ರೆನ್ನುತ್ತದೆ ಎಂದು ಮೇಷ್ಟ್ರು ಒಂದು ಸಲ ಹೇಳಿದರು. ಮುಂದಿನ ಸಲವೂ ಹೇಳಿದರು. "ಧೂಳು ಅಷ್ಟೇ ಸರ್, ಕ್ಲೀನ್ ಮಾಡಿಸಿದ್ದೀನಿ" ಎಂಬ ಉತ್ತರ ಬಂತು. ಅಷ್ಟು ನಯವಾಗಿ ಮಾತಾಡುವವನ ಜೊತೆ ಜಗ್ಗಾಡಲು ಮೇಷ್ಟ್ರಿಗೆ ಮನಸ್ಸಾಗಲಿಲ್ಲ.

ಆ ಕಾಲಕ್ಕೆ ಅವರ ಬಳಿ ಕಲಿಯಲು ಬರುತ್ತಿದ್ದವರಲ್ಲಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸಿದ್ದಳು. ವಯಸ್ಸು ನಲವತ್ತರ ಆಸುಪಾಸು. ಹಾಸಿಗೆ ಹಿಡಿದ ತಾಯಿಯೊಡನೆ ಒಬ್ಬಳೇ ಇದ್ದಳು. ಲೈಸೆನ್ಸ್ ಬಂದರೆ ಅಂಗಡಿಯ ಯಜಮಾನರು ತಮ್ಮ ಹಳೆಯ ಗಾಡಿಯನ್ನು ಭಾನುವಾರಗಳಲ್ಲಿ ಕೊಡುವೆ ಎಂದಿದ್ದರು. "ಅಮ್ಮ ಕಿಟಕಿ ಬಿಟ್ಟು ಬೇರೇನೂ ನೋಡಿಲ್ಲ ಮೇಷ್ಟ್ರೇ. ಒಂದು ಸಲ ಸಮುದ್ರದವರೆಗೆ ಕರ್ಕೊಂಡು ಹೋಗ್ಬೇಕು" ಎನ್ನುತ್ತಿದ್ದಳು. ಹೆದರುಪುಕ್ಕಿ. ಎದುರಿಗೆ ಸೈಕಲ್ ಕಂಡರೂ ಉಸಿರು ಬಿಗಿಹಿಡಿಯುತ್ತಿದ್ದಳು. ಆದರೂ ದಿನದಿನಕ್ಕೆ ಕೈ ಪಳಗುತ್ತಿತ್ತು.

ಅಂದು ಗುಡ್ಡದ ಇಳಿಜಾರು. ಸರ್ವಿಸ್ ಆಗಿ ಬಂದು ಇನ್ನೂ ಒಂದು ವಾರವೂ ಆಗಿರದ ಗಾಡಿ. ಅರ್ಧ ಇಳಿದಿದ್ದರು. "ಮೇಷ್ಟ್ರೇ, ಬ್ರೇಕು ಮೆತ್ತಗಾಗ್ತಿದೆ" ಎಂದಳು ಆಕೆ. ಹೆದರಿಕೆಯ ಮಾತು ಎಂದುಕೊಂಡ ಮೇಷ್ಟ್ರು ತಮ್ಮ ಕಡೆಯ ಬ್ರೇಕ್ ಒತ್ತಿದರು. ಅದು ಹಸಿ ಮಣ್ಣು ತುಳಿದ ಹಾಗೆ ಪೂರ್ತಿ ಕೆಳಗೆ ಹೋಯಿತು. ಮತ್ತೆ ಮತ್ತೆ ತುಳಿದರು, ಹ್ಯಾಂಡ್‌ಬ್ರೇಕ್ ಎಳೆದರು, ಸ್ಟೀರಿಂಗಿಗೆ ಕೈ ಹಾಕಿ ಗಾಡಿಯನ್ನು ಒಂದು ಕಾಂಪೌಂಡ್ ಗೋಡೆಗೆ ಉಜ್ಜಿಸಿಕೊಂಡು ಹೋದರು. ಕನ್ನಡಿ ಕಿತ್ತುಹೋಯಿತು, ಒಂದು ಬದಿ ಪೂರ್ತಿ ಸುಲಿದುಹೋಯಿತು. ಗಾಡಿ ನಿಂತಿತು.

ಇಬ್ಬರಿಗೂ ಏನೂ ಆಗಿರಲಿಲ್ಲ. ಆಕೆ ಇಳಿದು ರಸ್ತೆಯ ಅಂಚಿನಲ್ಲಿ ಕೂತುಬಿಟ್ಟಳು. ನೀರು ಕೊಟ್ಟರೆ ಕುಡಿಯದೆ ಬಾಟಲಿಯನ್ನು ಪಕ್ಕದಲ್ಲಿಟ್ಟಳು. ಆಮೇಲೆ ಎದ್ದು, "ನಾನು ಬಸ್ಸಲ್ಲೇ ಓಡಾಡ್ಕೋತೀನಿ ಮೇಷ್ಟ್ರೇ. ನನಗಲ್ಲ ಇದು" ಎಂದು ಹೇಳಿ ನಡೆದು ಹೋದಳು. ಮತ್ತೆ ಬರಲಿಲ್ಲ.

ಗಾಡಿ ಎಳೆಯಲು ಬಂದ ರಸ್ತೆಬದಿಯ ಮೆಕ್ಯಾನಿಕ್ ಚಕ್ರ ಬಿಚ್ಚಿ ತೋರಿಸಿದ. ಬ್ರೇಕ್ ಪ್ಯಾಡುಗಳು ಸವೆದು ಸವೆದು ತಗಡು ಉಳಿದಿತ್ತು. ಡಬ್ಬಿಯಲ್ಲಿನ ಬ್ರೇಕ್ ಎಣ್ಣೆ ಕಷಾಯದ ಬಣ್ಣಕ್ಕೆ ತಿರುಗಿತ್ತು. "ಇದನ್ನ ಯಾರೂ ಬಿಚ್ಚೇ ಇಲ್ಲ ಸಾರ್, ವರ್ಷಗಳಾಗಿದೆ" ಎಂದ.

ಮೇಷ್ಟ್ರು ಆ ಪ್ಯಾಡುಗಳನ್ನು ಪೇಪರಿನಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಸರ್ವಿಸ್ ಸೆಂಟರಿಗೆ ಹೋದರು. ಟೈ ಕಟ್ಟಿದವನು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಹೇಳಿದ, "ಬ್ರೇಕ್ ಓಕೆ ಅಂತ ಎಂಟ್ರಿ ಇದೆಯಲ್ಲ ಸರ್."

"ಎಂಟ್ರಿ ಇದೆ ಕಣಪ್ಪ. ಬ್ರೇಕ್ ಇಲ್ಲ."

"ನೀವು ಟ್ರೈನಿಂಗ್ ಗಾಡಿ ಓಡಿಸ್ತೀರಿ ಸರ್, ಸವೆಯೋದು ಜಾಸ್ತಿ. ನಿಮಗೋಸ್ಕರ ಒಂದು ಫ್ರೀ ವಾಷ್ ಹಾಕಿಸ್ಲಾ?"

ಮೇಷ್ಟ್ರಿಗೆ ಸಿಟ್ಟಿಗಿಂತ ಹೆಚ್ಚಾಗಿ ನಾಚಿಕೆಯಾಯಿತು. ಇವನ ಆರೋಗ್ಯ ವಿಚಾರಣೆಗೆ ತಾನು ಇಷ್ಟು ವರ್ಷ ಮರುಳಾಗಿದ್ದೆನಲ್ಲ ಎಂದು. ಗ್ರಾಹಕರಿಗೆ ಪ್ರವೇಶವಿಲ್ಲ ಎಂದು ಬರೆದಿದ್ದ ಬಾಗಿಲನ್ನು ತಳ್ಳಿಕೊಂಡು ಒಳಗೆ ಹೋದರು. ಅಲ್ಲಿ ಎತ್ತಿ ನಿಲ್ಲಿಸಿದ ಗಾಡಿಯ ಕೆಳಗೆ ಬಡಕಲು ಮೆಕ್ಯಾನಿಕ್ಕೊಬ್ಬ ಕತ್ತೆತ್ತಿ ನಿಂತಿದ್ದ. ಮೇಷ್ಟ್ರು ಪ್ಯಾಡು ತೋರಿಸಿದರು. ಅವನು ಅತ್ತಿತ್ತ ನೋಡಿ ದನಿ ತಗ್ಗಿಸಿದ.

"ನನ್ನ ಕೈಗೇ ಬಂದಿರಬಹುದು ಸಾರ್ ನಿಮ್ಮ ಗಾಡಿ, ಸುಳ್ಳು ಯಾಕೆ ಹೇಳ್ಲಿ. ಒಂದು ಇಳಿಸೋ ಹೊತ್ತಿಗೆ ಇನ್ನೊಂದು ಏರಿಸ್ತಾರೆ. ಚಕ್ರ ಬಿಚ್ಚೋಕೆ ಪುರುಸೊತ್ತು ಎಲ್ಲಿ? ತೊಳೆದಿದ್ದು ಕಣ್ಣಿಗೆ ಕಾಣುತ್ತೆ, ಬ್ರೇಕು ಕಾಣಲ್ಲ."

"ಜನ ಸಾಯ್ತಾರಲ್ಲಯ್ಯಾ."

ಅವನು ಕೈ ಒರೆಸಿಕೊಳ್ಳುತ್ತ, "ನನ್ನ ಸ್ಕೂಟರ್ ನಾನೇ ಮಾಡ್ಕೋತೀನಿ ಸಾರ್. ನೀವೂ ಹಾಗೇ ಮಾಡಿ" ಎಂದ.

ಗಾಡಿಯ ಸುಲಿದ ಬದಿ ಟಿಂಕರಿಂಗ್ ಅಂಗಡಿಯಲ್ಲಿ ಸರಿಯಾಗಲು ವಾರಗಳೇ ಹಿಡಿದವು. ಅಷ್ಟರಲ್ಲಿ ಮೇಷ್ಟ್ರು ಹಳೆಯ ಪುಸ್ತಕದಂಗಡಿಯಲ್ಲಿ ರಿಪೇರಿಯ ಪುಸ್ತಕವೊಂದನ್ನು ಹುಡುಕಿ ತಂದು, ಊಟದ ಮೇಜಿನ ಮೇಲೆ ಅಕ್ಕ ಕೂರುತ್ತಿದ್ದ ಕಡೆ ತೆರೆದಿಟ್ಟು ಓದಿದರು. ಬ್ರೇಕನ್ನು ಮಾತ್ರ ಮುಟ್ಟಬೇಡಿ ಎಂದು ಟಿಂಕರಿಂಗಿನವನಿಗೆ ಹೇಳಿ, ಗಾಡಿಯನ್ನು ಎಳೆಸಿಕೊಂಡು ಬಂದು ಮನೆಯ ಕೆಳಗೆ ನಿಲ್ಲಿಸಿಕೊಂಡರು. ಬೋರ್ಡು ಕಳಚಿಟ್ಟರು.

ಮೊದಲ ದಿನ ಎಂಜಿನ್ ಆಯಿಲ್ ಬದಲಾಯಿಸಲು ಹೋಗಿ ಬೇಸಿನ್ ಒಂದು ಕಡೆ ಇಟ್ಟರೆ ಎಣ್ಣೆ ಇನ್ನೊಂದು ಕಡೆ ಸುರಿಯಿತು. ಮೊಣಕೈವರೆಗೆ ಅಭ್ಯಂಜನವಾಯಿತು. ನೆಲದ ಕಲೆ ನೋಡಿ ಕಟ್ಟಡದ ಕಾರ್ಯದರ್ಶಿ ಗಂಟುಮೂತಿ ಹಾಕಿದ. ಏರ್ ಫಿಲ್ಟರ್ ತೆಗೆದರೆ ಒಳಗೆ ಒಣಗಿದ ಎಲೆಗಳ ರಾಶಿ. ಅದೂ ಬದಲಾಗಿದೆ ಎಂದು ಸರ್ವಿಸ್ ಸೆಂಟರಿನವರು ಪ್ರತಿ ಸಲ ಹೇಳಿದ್ದರು. ಒಂದೊಂದು ನಟ್ಟು ಬಿಚ್ಚಿದಾಗಲೂ ಒಂದೊಂದು ಸುಳ್ಳು ಹೊರಗೆ ಬರುತ್ತಿತ್ತು. ಆದರೂ ಮೇಷ್ಟ್ರಿಗೆ ಆ ಕೆಲಸ ಹಿಡಿಸಿತು. ಗಾಡಿಯ ಕೆಳಗೆ ಮಲಗಿದರೆ ಹೋಗಿಬರುವವರ ಕಾಲುಗಳಷ್ಟೇ ಕಾಣುತ್ತಿದ್ದವು. ನೀಲಿ ಚಪ್ಪಲಿ, ಎಳೆದು ಹಾಕುವ ಹೆಜ್ಜೆ, ಹಿಮ್ಮಡಿ ಸವೆದ ಬೂಟು. ಯಾವ ಕಾಲೂ ನಿಲ್ಲುತ್ತಿರಲಿಲ್ಲ.

ಹೊಸ ಪ್ಯಾಡುಗಳನ್ನು ಕೂರಿಸಿದ್ದಾಯಿತು. ಉಳಿದದ್ದು ಬ್ರೇಕ್ ಎಣ್ಣೆ. ಪುಸ್ತಕದಲ್ಲಿ ಹೀಗಿತ್ತು: ಒಬ್ಬರು ಒಳಗೆ ಕೂತು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಬಳಿ ತಿರುಪು ಸಡಿಲಿಸಿ ಹಳೆಯ ಎಣ್ಣೆ ಮತ್ತು ಗಾಳಿ ಹೊರಗೆ ಬಿಟ್ಟು ಮತ್ತೆ ಬಿಗಿಮಾಡಬೇಕು. ಆಮೇಲಷ್ಟೇ ಒಳಗಿನವರು ಕಾಲು ತೆಗೆಯಬೇಕು. ಮೇಷ್ಟ್ರು ಆ ಪುಟವನ್ನು ತಿರುವಿ ಮುರುವಿ ಓದಿದರು. ಒಬ್ಬರಿಂದಾಗುವ ದಾರಿ ಅದರಲ್ಲಿರಲಿಲ್ಲ. ಸೀಟಿಗೂ ಪೆಡಲ್ಲಿಗೂ ನಡುವೆ ಪೊರಕೆಯ ಕೋಲು ಸಿಕ್ಕಿಸಿ ನೋಡಿದರು. ಎಣ್ಣೆ ಇಳಿದೊಡನೆ ಪೆಡಲ್ ಕೆಳಗೆ ಹೋಗಿ ಕೋಲು ಬಿದ್ದುಹೋಯಿತು.

ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿದ್ದ ಹೆಸರುಗಳನ್ನು ಒಂದೊಂದಾಗಿ ನೋಡಿದರು. ಬ್ಯಾಂಕಿನವರು, ಟೈಲ್ಸ್ ಅಂಗಡಿ, ನರ್ಸಮ್ಮ, ಎತ್ತರದ ಹುಡುಗಿ. ಹೀಗೇ ಬರೆದುಕೊಂಡಿದ್ದರು, ಎಲ್ಲರೂ ಶಿಷ್ಯರೇ. ಊರಿನ ಅರ್ಧ ಜನಕ್ಕೆ ಬ್ರೇಕ್ ಒತ್ತುವುದನ್ನು ಕಲಿಸಿದವನು ತಾನು. ಈಗ ಒತ್ತಲು ಒಂದು ಕಾಲು ಸಿಗುತ್ತಿಲ್ಲ ಎನ್ನಿಸಿ ನಗು ಬಂತು. ನಗು ಅರ್ಧಕ್ಕೇ ನಿಂತಿತು. ಪಕ್ಕದ ಮನೆಯವರನ್ನು ಕೇಳಬಹುದಿತ್ತು. ಆದರೆ ಅಕ್ಕ ಹೋದ ದಿನ ಬಿಟ್ಟರೆ ಮೇಷ್ಟ್ರು ಅವರ ಬಾಗಿಲು ತಟ್ಟಿದವರೇ ಅಲ್ಲ. ಬೆರಳು ಜಾರುತ್ತ ಜಾರುತ್ತ 'ಔಷಧಿ ಅಂಗಡಿ' ಎಂಬಲ್ಲಿ ನಿಂತಿತು. ಆಕೆಯನ್ನು ಕೇಳಲು ತನಗೆ ಯಾವ ಮುಖವೂ ಇಲ್ಲ ಎಂದು ಗೊತ್ತಿತ್ತು. ಆದರೂ ಒತ್ತಿದರು.

"ಬ್ರೇಕ್ ಸರಿ ಮಾಡ್ತಿದ್ದೀನಿ ಮೇಡಂ. ಒಬ್ಬರು ಒಳಗೆ ಕೂತು ಒತ್ತಬೇಕು, ಗಾಡಿ ಚಲಿಸಲ್ಲ. ನಿಮಗೆ ಪುರುಸೊತ್ತಿದ್ರೆ... ಇಲ್ಲಾಂದ್ರೆ ಪರವಾಗಿಲ್ಲ."

"ಭಾನುವಾರ ಬರ್ತೀನಿ" ಎಂದಳು.

ಬಂದಳು. ಸ್ವಲ್ಪ ಸೊರಗಿದ್ದಳು. ಬಾಗಿಲು ತೆರೆದು, ಒಂದು ಕಾಲು ಹೊರಗೇ ಇಟ್ಟು ಸೀಟಿನ ಅಂಚಿನಲ್ಲಿ ಕೂತಳು. ಮೇಷ್ಟ್ರು ಹಿಂದಿನ ಚಕ್ರದ ಬಳಿ ನೆಲಕ್ಕೆ ಒರಗಿದರು.

"ಒತ್ತಿ."

"ಒತ್ತಿದ್ದೀನಿ."

"ಹಿಡ್ಕೊಳ್ಳಿ. ಆಯ್ತು, ಬಿಡಿ."

"ಬಿಟ್ಟೆ."

ಒತ್ತಿ, ಬಿಡಿ, ಒತ್ತಿ, ಬಿಡಿ. ಪಾರದರ್ಶಕ ಕೊಳವೆಯಲ್ಲಿ ಕಪ್ಪು ಎಣ್ಣೆ, ಗುಳ್ಳೆಗಳು, ಆಮೇಲೆ ಜೇನಿನಂಥ ತಿಳಿಬಣ್ಣ. ಒಂದು ಚಕ್ರ ಮುಗಿಸಿ ಇನ್ನೊಂದಕ್ಕೆ. ನಡುನಡುವೆ ಡಬ್ಬಿಗೆ ಹೊಸ ಎಣ್ಣೆ. ಎಷ್ಟೋ ದಿನಗಳಿಂದ ಮೇಷ್ಟ್ರ ಮಾತಿಗೆ ಒಡನೆಯೇ ಉತ್ತರ ಬಂದಿರಲಿಲ್ಲ. ಕೊನೆಯ ಚಕ್ರದ ಹೊತ್ತಿಗೆ ಅವರು ಬೇಕೆಂದೇ ನಿಧಾನ ಮಾಡಿದರು.

"ಮೇಷ್ಟ್ರೇ, ಗಟ್ಟಿಯಾಗಿದೆ. ಕೆಳಗೆ ಹೋಗ್ತಿಲ್ಲ" ಎಂದಳು ಆಕೆ. ಹೊರಗಿದ್ದ ಕಾಲು ಯಾವಾಗ ಒಳಗೆ ಬಂದಿತ್ತೋ.

ಮೇಷ್ಟ್ರು ಎದ್ದು ಬಂದು ಕೈ ಒರೆಸಿಕೊಂಡರು. "ಆವತ್ತು ನೀವು ಸರಿಯಾಗೇ ಒತ್ತಿದ್ರಿ ಮೇಡಂ. ತಪ್ಪು ಗಾಡೀದು. ಮತ್ತೆ ಶುರು ಮಾಡಿ. ಅಮ್ಮನ್ನ ಸಮುದ್ರಕ್ಕೆ ಕರ್ಕೊಂಡು ಹೋಗ್ಬೇಕು ಅಂದಿದ್ರಲ್ಲ."

ಆಕೆ ಪೆಡಲ್ಲಿನ ಮೇಲಿಂದ ಕಾಲು ತೆಗೆಯಲಿಲ್ಲ. "ಅಮ್ಮ ಹೋಗ್ಬಿಟ್ರು ಮೇಷ್ಟ್ರೇ, ಹೋದ ತಿಂಗಳು. ಇನ್ನು ಯಾರನ್ನ ಕೂರಿಸ್ಕೊಂಡು ಹೋಗ್ಲಿ?"

ನನ್ನನ್ನು ಕೂರಿಸಿಕೊಂಡು ಹೋಗಿ, ಹೇಗೂ ಪಕ್ಕದ ಸೀಟಿನಲ್ಲಿ ಕೂರುವುದೇ ನನ್ನ ಕೆಲಸ ಎಂಬ ಮಾತು ಮೇಷ್ಟ್ರ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿ, "ಮೇಲೆ ಬನ್ನಿ, ಕಾಫಿ ಮಾಡ್ತೀನಿ" ಎಂದರು. "ಇಲ್ಲ ಮೇಷ್ಟ್ರೇ, ಬಸ್ಸಿದೆ" ಎಂದು ಆಕೆ ಇಳಿದಳು. ಹೋಗುವಾಗ, "ಇದು ಮತ್ತೆ ಯಾವಾಗ ಮಾಡ್ಬೇಕು?" ಎಂದು ಕೇಳಿದಳು.

"ಎರಡು ವರ್ಷಕ್ಕೊಮ್ಮೆ."

"ಆಗ ಹೇಳಿ, ಬರ್ತೀನಿ."

ಬೋರ್ಡು ಮತ್ತೆ ನೆತ್ತಿಗೇರಿತು. ಹೊಸ ಶಿಷ್ಯರು ಬಂದರು, ಹೋದರು. ಮೇಷ್ಟ್ರು ಎಲ್ಲ ಕೆಲಸವನ್ನೂ ಕೈಯಾರೆ ಮಾಡಿಕೊಳ್ಳುತ್ತಿದ್ದರು, ಗಾಡಿ ಕಿಮಕ್ಕೆನ್ನದೆ ಓಡುತ್ತಿತ್ತು. ಸರ್ವಿಸ್ ಸೆಂಟರಿನಿಂದ ಫೋನುಗಳು ಬರುವುದು ನಿಂತುಹೋಯಿತು. ಬ್ರೇಕ್ ಎಣ್ಣೆಯ ಡಬ್ಬಿಯನ್ನು ಮಾತ್ರ ಅವರು ಆಗಾಗ ತೆರೆದು ನೋಡುತ್ತಿದ್ದರು. ಅದು ಜಪ್ಪಯ್ಯ ಅಂದರೂ ಬಣ್ಣ ಬದಲಿಸುತ್ತಿರಲಿಲ್ಲ. ಒಂದು ವರ್ಷಕ್ಕೇ ಬದಲಾಯಿಸಿದರೆ ತಪ್ಪೇನಿಲ್ಲ ಎಂದು ಎಷ್ಟೋ ಸಲ ಅನ್ನಿಸಿತು. ಆದರೆ ಎರಡು ವರ್ಷ ಎಂದು ತಾವೇ ಹೇಳಿಯಾಗಿತ್ತು.

ಎರಡು ವರ್ಷ ತುಂಬಿದ ಮೇಲೆ ಫೋನ್ ಮಾಡಿದರೆ ಆ ನಂಬರ್ ಚಾಲ್ತಿಯಲ್ಲಿರಲಿಲ್ಲ. ಅಂಗಡಿಗೇ ಹೋದರು. ಕೌಂಟರಿನಲ್ಲಿ ಬೇರೆ ಯಾರೋ ಇದ್ದರು. "ಅವರು ಬಿಟ್ಟು ಹೋದರಲ್ಲ, ಬೇರೆ ಊರಲ್ಲಿ ಕೆಲಸ ಸಿಕ್ತು ಅಂತ. ಏನು ಬೇಕಿತ್ತು?" ಎಂದರು. ಬರಿಗೈಯಲ್ಲಿ ಬರಲು ಸಂಕೋಚವಾಗಿ ಮೇಷ್ಟ್ರು ಒಂದು ತಲೆನೋವಿನ ಮಾತ್ರೆಯ ಪಟ್ಟಿ ಕೊಂಡು ಹೊರಬಂದರು.

ಬಿಡಿಭಾಗಗಳ ಅಂಗಡಿಯವನು ಅವರು ಎಣ್ಣೆ ಕೇಳಿದಾಗ ಒಂದು ಪುಟ್ಟ ಬಾಟಲಿಯನ್ನೂ ತೋರಿಸಿದ. ಅದರ ಕೊಳವೆಯಲ್ಲಿ ಎಣ್ಣೆ ಹೊರಗೆ ಹೋಗುತ್ತದೆ, ಗಾಳಿ ಹಿಂದಕ್ಕೆ ಬರುವುದಿಲ್ಲ. "ಹೊಸದು ಸಾರ್. ಒಬ್ಬರೇ ಮಾಡ್ಕೋಬಹುದು, ಯಾರನ್ನೂ ಕರೆಯೋ ತಾಪತ್ರಯ ಇಲ್ಲ" ಎಂದ. ಮೇಷ್ಟ್ರು ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, ಕಟ್ಟಿಕೊಡಲು ಹೇಳಿದರು.

ಭಾನುವಾರ ಬೆಳಗ್ಗೆ ಕೂತರು. ಬಾಟಲಿ ಸಿಕ್ಕಿಸಿ, ತಿರುಪು ಸಡಿಲಿಸಿ, ಎದ್ದು ಒಳಗೆ ಹೋಗಿ ಪೆಡಲ್ ಒತ್ತುವುದು, ಹೊರಗೆ ಬಂದು ನೋಡುವುದು. ಕೆಲಸ ಅಚ್ಚುಕಟ್ಟಾಗಿ ಆಯಿತು. ಪೆಡಲ್ ಗಟ್ಟಿಯಾಗಿ ನಿಂತಿತು. ಇಬ್ಬರು ಮಾಡಿದಾಗ ಹಿಡಿದಷ್ಟು ಹೊತ್ತೂ ಹಿಡಿಯಲಿಲ್ಲ. ಸ್ಪ್ಯಾನರುಗಳನ್ನು ಒರೆಸಿ ಪೆಟ್ಟಿಗೆಗೆ ಹಾಕಿ, ಕೈ ತೊಳೆದು ನೋಡಿದರೆ ಬಿಸಿಲು ಇನ್ನೂ ಎದುರು ಗೋಡೆಯಿಂದ ಇಳಿದಿರಲಿಲ್ಲ. ಊಟಕ್ಕೆ ಬಹಳ ಹೊತ್ತಿತ್ತು. ಮೇಷ್ಟ್ರು ಮೇಲೆ ಹೋಗದೆ ಗಾಡಿಯೊಳಗೆ ತಮ್ಮ ಎಂದಿನ ಪಕ್ಕದ ಸೀಟಿನಲ್ಲೇ ಬಾಗಿಲು ತೆರೆದಿಟ್ಟುಕೊಂಡು ಕೂತರು.