ಕಟ್ಟಿನೊಳಗಿನ ಹೊಗೆಸೊಪ್ಪು

ಮೈಸೂರನ್ನು ಮಹಾರಾಜರು ಆಳುತ್ತಿದ್ದ ಕಾಲ. ನನಗೆ ಹತ್ತು ವರ್ಷವಿರಬೇಕು. ಹುಣಸೂರಿನ ಹತ್ತಿರದ ನಮ್ಮೂರಲ್ಲಿ ಪಕ್ಕದವರ ಸೀಬೆಕಾಯಿ ಕದಿಯಲು ಹೋಗಿ ಬೇಲಿ ಹಾರಿದೆ. ಬಿದಿರುಮುಳ್ಳು ಪಾದಕ್ಕೆ ಆಳವಾಗಿ ಹೊಕ್ಕಿತು. ಸೀಬೆಕಾಯಿಯನ್ನಂತೂ ನಾನು ಕೈಬಿಡಲಿಲ್ಲ.

ಅಜ್ಜಿ ಮುಳ್ಳು ಕಿತ್ತು, ಹೊಗೆಸೊಪ್ಪು ಅಗಿದು ಗಾಯಕ್ಕೆ ಮೆತ್ತಿದಳು. ಎತ್ತಿನ ಕೊಂಬು ಮುರಿದರೂ ಮಕ್ಕಳ ಮಂಡಿ ತರಚಿದರೂ ನಮ್ಮಲ್ಲಿ ಅದೇ ಮದ್ದು. ನಾಲ್ಕೇ ದಿನಕ್ಕೆ ಕಾಲು ಊದಿ, ಕೀವು ತುಂಬಿ, ಜ್ವರ ಬಂತು. ಅಪ್ಪ ಗಾಡಿ ಕಟ್ಟಿ ನನ್ನನ್ನೂ ಅಜ್ಜಿಯನ್ನೂ ಹುಣಸೂರಿನ ಆಸ್ಪತ್ರೆಗೆ ಕರೆತಂದ.

"ಭಾನುವಾರದೊಳಗೆ ಊತ ಇಳೀದಿದ್ರೆ ಪಾದ ಉಳಿಯೋದು ಕಷ್ಟ" ಎಂದರು ಡಾಕ್ಟರು. 

ಅಲ್ಲಿನ ನರ್ಸಮ್ಮ ಮಡಿಕೇರಿ ಕಡೆಯವರು. ಕೆಂಪು ಸೋಪು ಹಚ್ಚಿ ಕೈ ತೊಳೆದು ನನ್ನ ಕಾಲು ಮುಟ್ಟಿದರು, ಮುಟ್ಟಿದ ಮೇಲೆ ಮತ್ತೆ ತೊಳೆದರು. ಅಜ್ಜಿ ಸಿಡಿದಳು.

"ಯಾಕವ್ವಾ, ನಮ್ಮನ್ ಮುಟ್ಟುದ್ರೆ ನಿಂಗೆ ಮೈಲಿಗೆ ಆಯ್ತದಾ?"

"ಮುಟ್ಟೋಕೆ ಮುಂಚೇನೂ ತೊಳೆದೆನಲ್ಲ ಅಜ್ಜಿ? ನನ್ನ ಕೈಯ ಕೊಳೆ ಈ ಮಗೂಗೆ ತಾಗಬಾರದು."

ಅಜ್ಜಿ ನಂಬಲಿಲ್ಲ.

ಗಾಯ ತೊಳೆಯುವಾಗ ಅಪ್ಪ "ನೋಯಾಕಿಲ್ಲ ಬುಡು" ಎಂದ. ನರ್ಸಮ್ಮ ಮಾತ್ರ, "ನೋಯುತ್ತೆ ಪುಟ್ಟಿ. ಇಪ್ಪತ್ತು ಎಣಿಸು. ನಿಲ್ಲಿಸು ಅಂದ್ರೆ ನಿಲ್ಲಿಸ್ತೀನಿ. ಶುರು ಮಾಡಲಾ?" ಎಂದು ಕೇಳಿದರು. ದೊಡ್ಡವರು ನನ್ನ ಒಪ್ಪಿಗೆ ಕೇಳಿದ್ದು ಅದೇ ಮೊದಲು. ಎರಡು ಸಲ ನಿಲ್ಲಿಸೆಂದೆ. ಒಂದು ಸಲ ನೋವಿಗೆ, ಇನ್ನೊಂದು ಸಲ ನಿಜವಾಗಿ ನಿಲ್ಲಿಸುತ್ತಾರಾ ನೋಡೋಣವೆಂದು. ನಿಲ್ಲಿಸಿದರು!

ಮೂರನೆಯ ದಿನ ಊತ ಇನ್ನೂ ಏರಿತ್ತು. ಗಾಯಕ್ಕೆ ಸುತ್ತಿದ್ದ ಬಟ್ಟೆಯ ಕಟ್ಟಿನ ಹತ್ತಿರ ಬಗ್ಗಿದ ನರ್ಸಮ್ಮ ಮೂಗು ಅರಳಿಸಿದರು.

"ಇದರೊಳಗೆ ಯಾರಾದ್ರೂ ಏನಾದ್ರೂ ಇಟ್ಟಿದ್ದಾರಾ ಪುಟ್ಟಿ?"

ಅಜ್ಜಿ ಸೂರು ನೋಡತೊಡಗಿದಳು. ಯಾರೂ ಇಲ್ಲದಾಗ ಕಟ್ಟು ಸಡಿಲಿಸಿ ತನ್ನ ಮದ್ದು ತುರುಕಿ, ನನ್ನಿಂದ ಆಣೆ ಹಾಕಿಸಿಕೊಂಡಿದ್ದಳು. ಅಜ್ಜಿಯನ್ನೂ ಬಿಟ್ಟುಕೊಡಬಾರದು, ಕಾಲೂ ಉಳಿಯಬೇಕು.

"ಅಜ್ಜಿ ಆಣೆ ಆಕ್ಸವ್ಳೆ. ಒಗೆಸೊಪ್ಪಿನ ವಿಸ್ಯ ಏಳಂಗಿಲ್ಲ" ಎಂದೆ.

"ಅಯ್ಯೋ ಮುಂಡೇದೇ!" ಎಂದ ಅಜ್ಜಿ ಮರುಕ್ಷಣವೇ ಅಳತೊಡಗಿದಳು. "ನನ್ ಕೂಸಿನ್ ಕಾಲ ನಾನೇ ಕಳ್ದ್‌ಬುಟ್ನಾ?"

ನರ್ಸಮ್ಮ ಬೈಯಲಿಲ್ಲ. ಮೊದಲು ಪರದೆ ಎಳೆದು ಬೇರೆ ರೋಗಿಗಳ ಕಣ್ಣಿಂದ ನಮ್ಮನ್ನು ಮರೆ ಮಾಡಿದರು. "ಡಾಕ್ಟರಿಗೆ ಹೇಳಲೇಬೇಕು ಅಜ್ಜಿ, ಮುಚ್ಚಿಡೋ ಹಾಗಿಲ್ಲ. ಆದ್ರೆ ನಿಮ್ಮನ್ನ ಆಚೆ ಕಳಿಸಲ್ಲ. ನೀವು ಹಿಡ್ಕೊಂಡ್ರೆ ಇವಳು ಅಲುಗಾಡಲ್ಲ. ಬನ್ನಿ, ಕೈ ತೊಳೀರಿ."

ಅಜ್ಜಿ ಮೊಣಕೈವರೆಗೂ ಉಜ್ಜಿದಳು. ಹೊಲದಿಂದ ಬಂದಾಗಲೂ ಅವಳು ಹಾಗೆ ಉಜ್ಜಿದ್ದನ್ನು ನಾನು ಕಂಡಿರಲಿಲ್ಲ. ಅಲ್ಲಿಂದ ದಿನಕ್ಕೆ ನಾಲ್ಕು ಸಲ ಬಿಸಿನೀರಿನ ಶಾಖ, ಕಟ್ಟಿಗೆ ಹೊಸ ಬಟ್ಟೆ. ಆ ಕೆಂಪು ಸೋಪಿನ ವಾಸನೆ ಎಲ್ಲಾದರೂ ಮೂಗಿಗೆ ಬಿದ್ದರೆ ಇವತ್ತಿಗೂ ನನಗೆ ಅವರಿಬ್ಬರ ಕೈಗಳೇ ಕಣ್ಣಿಗೆ ಕಟ್ಟುತ್ತವೆ.

ಭಾನುವಾರ ಬೆಳಿಗ್ಗೆ ಡಾಕ್ಟರು ಪಾದ ಒತ್ತಿ ನೋಡಿ, "ಉಳೀತು" ಎಂದರು. ನರ್ಸಮ್ಮ ಬೆರಳು ಆಡಿಸು ಎಂದರು, ಆಡಿಸಿದೆ. ಅಜ್ಜಿ ಇನ್ನೂ ತೊಳೆಯದ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಮುಟ್ಟದೆ, ದೂರದಿಂದಲೇ ಐದು ಬೆರಳನ್ನೂ ಎಣಿಸಿದಳು.