ಬಿಸಿನೀರಿನಾಗ ಹೋದ ಊರು

ಮೊನ್ನಿ, ಹೆರಿಗಿಗಿ ಅಂತ ಬಂದಿರೋ ನನ್ನ ಮೊಮ್ಮಗಳು ಹೊಸಾ ಕಾಟನ್ ಸೀರಿ ಬಿಸಿನೀರಿನ ಬಕೆಟ್ಟಿನಾಗ ಅದ್ದಿ ಇಟ್ಟಿದ್ಲು. ನಾ ಬಚ್ಚಲ ಬಾಗಿಲ ತಗದೆ, ಹಸಿ ಗಂಜಿ ವಾಸನಿ ಮೂಗಿಗಿ ಬಡೀತು... ನಾ ಬಾಗಿಲ ಚೌಕಟ್ಟು ಹಿಡಕೊಂಡು ಅಲ್ಲೇ ನಿಂತೆ. "ಯಾಕಜ್ಜಿ, ಚಕ್ಕರ್ ಬಂತೇನ್?" ಅಂತ ಓಡಿ ಬಂದ್ಲು. ಚಕ್ಕರ್ ಏನಿಲ್ಲವ್ವಾ, ಮೊದಲ ಬಿಚ್ಚಿ ನೋಡಿ ಅದ್ದಿದೇನು ಅಂತ ಕೇಳಿದೆ. ಸೀರಿ ಬಿಚ್ಚಿ ನೋಡೋದೇನದ ಅಂತ ಆಕಿ ನಕ್ಕಳು. ಆಕಿಗೇನು ಗೊತ್ತು ಪಾಪ.

ನಮ್ಮನ್ನ ಮೈಸೂರು ರಾಜ್ಯಕ್ಕ ಸೇರಿಸಿದ ವರ್ಷದ ಮಾತಿದು. ಆಗಲೂ ನಾವು ಬೀದರದಾಗ ಇದೇ ಮೈಲೂರದಾಗ ಇದ್ವಿ, ಆದ್ರ ಮಣ್ಣಿನ ಗ್ವಾಡಿ ಮನಿ. ಬಾಜೂ ಮನ್ಯಾಗ ಒಬ್ಬರು ಕಾಕಾ ಇದ್ದರು. ಉದಗೀರ ಕಡಿಯವರು. ಜಮೀನ್ ಅಳತಿ ಕಚೇರಿದಾಗ ನಕ್ಷಾ ತಗಿಯೋ ಕೆಲಸ. ಹೆಂಡತಿ ಸತ್ತು ಭಾಳ ವರ್ಷ ಆಗಿತ್ತು, ಮಕ್ಕಳಿಲ್ಲ. ಓಣಿ ಮಂದಿಗೆಲ್ಲಾ ಅವರು ನಕ್ಷಾ ಕಾಕಾ.

ಅವರ ಕಚೇರಿಗಿ ಒಂದು ನಮೂನಿ ಬಟ್ಟಿ ಬರ್ತಿತ್ತು. ಗಂಜಿ ಕುಡಿಸಿ, ಗಾಜಿನಂಗ ನುಣ್ಣಗ ಮಾಡಿದ ತೆಳು ಬಟ್ಟಿ. ಕೆಳಗಿಟ್ಟ ನಕ್ಷಾದ ಗೆರಿ ಮ್ಯಾಲ ಕಾಣಬೇಕು, ಅದರ ಮ್ಯಾಲ ಇವರು ಶಾಯಿಲೆ ತಿದ್ದಬೇಕು. ಕೆಟ್ಟದ್ದು, ಹರದದ್ದು ಕಾಕಾ ಮನಿಗಿ ತಂದು ಒಂದು ಬುಟ್ಟಿದಾಗ ಹಾಕತಿದ್ರು. ಅದನ್ನ ಬಿಸಿನೀರಿನಾಗ ಕುದಿಸಿದ್ರ ಗಂಜಿನೂ ಹೋಗತಿತ್ತು, ಶಾಯಿನೂ ಹೋಗತಿತ್ತು. ಉಳಿಯೋದು ಬೆಣ್ಣಿಯಂಥ ಬಟ್ಟಿ. ನಮ್ಮ ಓಣ್ಯಾಗ ಯಾವ ಕೂಸು ಹುಟ್ಟಿದ್ರೂ ಅದರ ತಲಿಗಿ ಮೊದಲ ಹಾಕೋ ಕುಂಚಗಿ ಕಾಕಾನ ಬುಟ್ಟಿದೇ. ಬಸುರಿ ಹೆಂಗಸು ಹೋಗಿ ತಾನೇ ಆರಿಸಿ ತರಬೇಕು, ಅದೊಂದು ರಿವಾಜೇ ಆಗಿಬಿಟ್ಟಿತ್ತು.

ಆದ್ರ ಒಂದು ಸುರಳಿ ಮಾತ್ರ ಬುಟ್ಟಿಗಿ ಬೀಳ್ತಿದ್ದಿಲ್ಲ. ಅದನ್ನ ಗ್ವಾಡಿ ಗೂಟಕ್ಕ ಸಿಗಿಸಿರತಿದ್ರು. ರಜಾ ದಿನ ಬಂತಂದ್ರ ಕಟ್ಟಿ ಮ್ಯಾಲ ಹಾಸಿ, ಮೂಲಿಗೊಂದು ಕಲ್ಲಿಟ್ಟು ಬರಿಲಾಕ ಕೂಡತಿದ್ರು. ಇಪ್ಪತ್ತೈದು ವರ್ಷ ಆದಮ್ಯಾಲಿನ ಬೀದರ ಅಂತ ಅದು! ಬೀದರ, ಭಾಲ್ಕಿ, ಔರಾದ ಮೂರೂ ಒಂದರಾಗ. ಮನಿ ಮನಿಗಿ ನಳ. ಓಣಿಗೊಂದೇ ಅಡಗಿಮನಿ. ಐದು ಮೈಲಿಗೊಂದು ಹೆರಿಗಿ ದವಾಖಾನಿ. ಕಚೇರಿಗಿ ರೈತ ಬರೋದಲ್ಲ, ಕಚೇರಿನೇ ರೈತನ ಹೊಲಕ್ಕ ಹೋಗೋದು. ಊರ ನಡುವ ಎಲ್ಲಾರಿಗೂ ಒಂದೇ ಬಾವಿ. ಸರಹದ್ದಿನ ಗೆರಿ ಎಲ್ಲೂ ಇಲ್ಲ. ಮೈಸೂರಿಂದ ದೊಡ್ಡ ಸಾಹೇಬರು ಬರ್ತಾರಂತ, ಅವರ ಮುಂದ ಇದನ್ನ ಹಾಸ್ತೀನಿ ಅಂತಿದ್ರು ಕಾಕಾ.

ಮಂದಿ ನಗೋದೇ ನಗೋದು. ನಮ್ಮ ಅತ್ತಿಯವರು ಬಾಗಿಲದಾಗ ನಿಂತು ಕೇಳತಿದ್ರು, "ಓಣಿಗೊಂದೇ ಒಲಿ ಅಂತೀರಿ, ಉಪ್ಪು ಯಾರ ಕೈಲೆ ಹಾಕಸ್ತೀರಿ? ಮೊದಲ ಅದನ್ನ ಬರೀರಿ." ಮೂಲಿ ಕಿರಾಣಿ ಅಂಗಡಿಯವರು, ಇದರಾಗ ನನ್ನ ದುಕಾನ್ ಎಲ್ಲಿಟ್ಟೀರಿ ಅಂತ ಕೇಳಿ, ಇಲ್ಲ ಅಂತ ಗೊತ್ತಾದಮ್ಯಾಲ ಎರಡು ದಿನ ಕಾಕಾನ ಜೋಡಿ ಮಾತಾಡಲಿಲ್ಲ. ಕಾಕಾ ಸಿಟ್ಟಾಗತಿದ್ದಿಲ್ಲ. ಹಣಿ ಮ್ಯಾಲಿನ ಬೆವರು ಒರಿಸ್ಕೊಂಡು, ಶಾಯಿ ಬೆರಳಿನ ಗುರ್ತು ಹಣಿಗೇ ಹಚ್ಚಿಕೊಂಡು, ಮತ್ತ ಬಗ್ಗತಿದ್ರು.

ಗ್ವಾಡಿಗಿ ಸುಣ್ಣ ಹೊಡಿಲಾಕ ಬರೋ ಒಬ್ಬಾತ ಮಾತ್ರ ನಗಲಿಲ್ಲ. ಭಾಳ ಹೊತ್ತು ನಕ್ಷಾ ನೋಡಿ, "ಇದರಾಗ ನಮ್ಮ ಕೇರಿ ಎಲ್ಲದರಿ?" ಅಂದ. ಕೇರಿ ಅಂತೇ ಇರಂಗಿಲ್ಲಪ್ಪಾ, ಎಲ್ಲಾರೂ ಕೂಡೇ ಅಂದರು ಕಾಕಾ. "ಇಪ್ಪತ್ತೈದು ವರ್ಷ ಯಾಕ್ರಿ ಮಾಲಕ, ನಾಳಿ ಮುಂಜಾನಿ ಊರ ಬಾವಿಗಿ ನಾ ಕೊಡ ತರ್ತೀನಿ. ನೀವು ಬಾಜೂ ನಿಂದರ್ತೀರೇನು?" ಅಂದ. ಕಾಕಾ ಮೂಲಿ ಕಲ್ಲು ತಗದು ನಕ್ಷಾ ಸುತ್ತಿದ್ರು. ಮುಂದಿನ ರಜಾ ದಿನ ನೋಡಿದ್ರ ನಕ್ಷಾದಾಗಿನ ಬಾವಿ ಮೊದಲಿನಕಿಂತ ದೊಡ್ಡದಾಗಿತ್ತು. ಖರೇ ಬಾವಿಗಿ ಮಾತ್ರ ಅವರು ಹೋಗಲಿಲ್ಲ. ಸುಣ್ಣದಾತ ಮತ್ತ ನಮ್ಮ ಓಣಿಗಿ ಬರಲಿಲ್ಲ.

ನನಗರ ಈ ನಳ, ದವಾಖಾನಿ ಒಂದೂ ಬೇಕಾಗಿರಲಿಲ್ಲ. ನಾ ಆಗ ತುಂಬಿದ ಬಸುರಿ. ಹಿಂದಿನ ಸಲ ರಾಜ್ಯ ಬದಲಾದಾಗ, ನಿಜಾಮರ ಆಳಿಕಿ ಮುಗಿದಾಗ, ಹಿಂಗೇ ಒಂಬತ್ತು ತುಂಬಿತ್ತು. ಬಸ್ ಬಂದಾದ್ವು, ಹಾದಿ ಹಿಡಿಲಾಕ ಮಂದಿ ಅಂಜತಿದ್ರು. ತವರಿಗಿ, ಮೆಹಕರಕ್ಕ ಹೋಗಿ ಹಡಿಬೇಕಾದಾಕಿ ನಾ ಇಲ್ಲೇ ಹಡದೆ. ಅವ್ವಗ ಬರಲಾಕ ಆಗಲಿಲ್ಲ. ಕೂಸು ಮೂರು ದಿನ ಇತ್ತು... ಅದಾದಮ್ಯಾಲ ಎಂಟು ವರ್ಷ ನನ್ನ ಮಡ್ಲು ಖಾಲಿ. ರಾಜ್ಯ ಬದಲಾಗತದ ಅಂದ್ರ ಕೂಸು ಹೋಗತದ, ನನ್ನ ತಲಿಗಿ ತಿಳಿದದ್ದು ಇದೊಂದೇ.

ಈಗ ಮತ್ತ ರಾಜ್ಯ ಬದಲಾಗಲಾಕ ಹತ್ತಿತ್ತು. ಉದಗೀರ ಆ ಕಡಿ ರಾಜ್ಯಕ್ಕ, ಭಾಲ್ಕಿ ಈ ಕಡಿ ಮೈಸೂರಿಗಿ ಅಂತ ಪೇಪರಿನಾಗ ಬಂದಿತ್ತಂತ. ಆದ್ರ ಅಂಚಿನ ಹಳ್ಳಿಗಳ ಬಗ್ಗೆ ದಿನಕ್ಕೊಂದು ಸುದ್ದಿ. ಇವತ್ತು ಮೆಹಕರ ಹೋಯ್ತು, ನಾಳಿ ಮೆಹಕರ ಉಳೀತು. ನಿಜಾಮರ ಕಾಲದಾಗ ಸರಹದ್ದಿನ ನಾಕಾದಾಗ ಸಿಪಾಯಿ ಗಂಟು ಬಿಚ್ಚಿಸಿ ನೋಡೋದು ಅತ್ತಿಯವರು ಕಣ್ಣಾರೆ ಕಂಡವರು. "ಚೀಟಿ ಇಲ್ಲದ ಬಸುರಿನ್ನ ಬಿಡ್ತಾರಂತ ಏನ್ ಖಾತ್ರಿ? ಸುಮ್ಕ ಇಲ್ಲೇ ಇರು" ಅಂತಿದ್ರು. ನನ್ನ ಗಂಡ ಅವ್ವನ ಮಾತು ಮೀರವರಲ್ಲ.

ಒಂದು ದಿನ ತಡೀಲಾರದ ಕಾಕಾನ ಕಟ್ಟಿಗಿ ಹೋದೆ. "ಕಾಕಾ, ನಿಮ್ಮ ಕಚೇರಿದಾಗ ಖರೇ ನಕ್ಷಾ ಇರತಾವ. ಮೆಹಕರ ಯಾ ಕಡಿ ಹೇಳ್ರಿ."

"ಮೆಹಕರ ಎಲ್ಲಿಗೂ ಹೋಗಂಗಿಲ್ಲ, ಮಗಳ. ಬರೋಬರಿ ಹೋಗಿ ಹಡಿ" ಅಂದವರು, ತಮ್ಮ ಸುರಳಿ ಬಿಚ್ಚಿದ್ರು. ಕೆಂಪು ಶಾಯಿ ಅದ್ದಿ, ಅದರ ಅಂಚಿಗಿ ಒಂದು ಚುಕ್ಕಿ ಇಟ್ಟರು. "ಇದು ನಿನ್ನ ಮೆಹಕರ. ಮೈಲೂರಿಂದ ಇಲ್ಲೀತನಕ ಹಾದಿ ನೋಡು, ಎಲ್ಲರ ಮುರದದೇನು?"

ನನಗ ಮೈಯೆಲ್ಲಾ ಉರೀತು. ನಾ ಜೀವದ ಮಾತು ಕೇಳ್ಲಾಕ ಬಂದ್ರ ಈ ಮನಿಶ್ಯಾ ತನ್ನ ಕನಸಿನ ಊರಾಗ ಚುಕ್ಕಿ ಇಡ್ಲಾಕತ್ಯಾನ! ಮನಿ ಮನಿಗಿ ನಳ ಅನ್ನೋ ಬಾಯಿಲೇ ಇದನ್ನೂ ಅಂದ್ರ ಯಾರು ನಂಬಬೇಕು? "ನಿಮಗೇನ್ರಿ, ಹಿಂದಿಲ್ಲ ಮುಂದಿಲ್ಲ, ಗೆರಿ ಬರಕೋತ ಕೂಡ್ರಿ" ಅಂದುಬಿಟ್ಟೆ. ಮಕ್ಕಳಿಲ್ಲದವರಿಗಿ ಅಂಥ ಮಾತು. ಕಾಕಾ ಶಾಯಿ ಬಾಟ್ಲಿ ಮುಚ್ಚಳ ಹಾಕಿದ್ರು. ಆಮ್ಯಾಲ, "ನಾಳಿ ಬುಟ್ಟಿಯಿಂದ ಬಟ್ಟಿ ಒಯ್ಯಿ, ಕೀಲಿ ಹಾಕಂಗಿಲ್ಲ, ಬಾಗಿಲ ಬರೇ ಮುಂದ ಮಾಡಿರ್ತೀನಿ" ಅಂದರು.

ಮರುದಿನ ಅವರು ಕಚೇರಿಗಿ ಹೋದಮ್ಯಾಲ ಹೋದೆ. ಬುಟ್ಟಿದಾಗ ಮ್ಯಾಲೇ ಒಂದು ದೊಡ್ಡ ಸುರಳಿ ಇತ್ತು. ಗೂಟ ಅದರ ನೇರ ಮ್ಯಾಲೇ ಇತ್ತು, ಖಾಲಿ ಇತ್ತು, ಸುರಳಿ ಅಲ್ಲಿಂದ ಜಾರಿ ಬಿದ್ದಿತ್ತು... ಅದನ್ನ ನಾ ನೋಡಲೇ ಇಲ್ಲ. ಇನ್ನೂ ಹಿಂದಿನ ದಿನದ ಸಿಟ್ಟು. ಬಿಚ್ಚದನೇ ಕಂಕುಳಾಗ ಹಿಡಕೊಂಡು ಬಂದೆ. ಬಿಚ್ಚಿದ್ರೂ ಅಕ್ಷರ ಬಾರದಾಕಿ ನಾ, ಎಲ್ಲಾ ಗೆರಿ ನನಗೊಂದೇ. ಕುದಿಯೋ ನೀರಿನಾಗ ಒತ್ತಿ ಮುಳುಗಿಸಿದೆ.

ಗಂಜಿ ವಾಸನಿ ಎದ್ದಿತು. ಬಟ್ಟಿ ಮೆತ್ತಗಾಗಿ ತಾನೇ ಬಿಚ್ಚಿಕೊಂತ ಮ್ಯಾಲ ಬಂತು. ನೀರು ಕರ್ರಗಾಗಿತ್ತು. ಆ ಕರಿ ನೀರಿನ ನಡುವ ಒಂದು ಕೆಂಪು ಚುಕ್ಕಿ ಅಗಲಾಗಲಾಕ ಹತ್ತಿತ್ತು. ಅಯ್ಯೋ ನನ್ನ ಶಿವನೇ! ಕೈ ಸುಟ್ಟುಕೊಂಡು ಹೊರಗ ಎಳದೆ. ನಳ ಇಲ್ಲ, ದವಾಖಾನಿ ಇಲ್ಲ, ಬಾವಿ ಇಲ್ಲ. ಬರೇ ಬಿಳಿ ಬಟ್ಟಿ, ಅಂಚಿಗೊಂದು ಕೆಂಪು ಕಲಿ.

ಸಂಜಿಮುಂದ ಕಾಕಾ ಹುಡುಕಲಾಕ ಶುರು ಮಾಡಿದ್ರು. ಮಂಚದ ಕೆಳಗ, ಮಾಡದಾಗ, ಕಟ್ಟಿ ಹಿಂದ. ಸಾಹೇಬರು ಬರಲಾಕ ಎರಡೇ ದಿನ ಇತ್ತು. ನಮ್ಮ ಬಾಗಿಲಿಗಿ ಬಂದು ಮೆಲ್ಲಕ ಕೇಳಿದ್ರು, "ಮಗಳ, ಬುಟ್ಟಿದಾಗ ದೊಡ್ಡ ಸುರಳಿ ಏನರ ಕಂಡಿತ್ತೇನು?"

"ಇಲ್ರೀ ಕಾಕಾ."

ಯಾಕ ಸುಳ್ಳು ಹೇಳಿದೆ? ಅಂಜಿಕಿ. ಹೇಳಿದ್ರ ಅವರ ಹೊಟ್ಟಿ ಉರೀತದ, ಆ ಉರಿ ನನ್ನ ಹೊಟ್ಯಾಗಿನ ಕೂಸಿಗಿ ತಟ್ಟತದ ಅಂತ. ಹೇಳದಿದ್ರೂ ತಟ್ಟತದೇನೋ ಅಂತ ಮತ್ತೊಂದು ಅಂಜಿಕಿ. ಕದ್ದವರಂಗ ಕೋಣ್ಯಾಗ ಕೂತು ಅದೇ ಬಟ್ಟಿದಾಗ ಕುಂಚಗಿ ಹೊಲದೆ. ಕೆಂಪು ಕಲಿ ಕಾಣಬಾರದಂತ ಒಳಮಡಚಿಗಿ ಹಾಕಿದೆ.

ಸಾಹೇಬರು ಬಂದ್ರು, ಹೋದ್ರು. ಕಾಕಾ ಖಾಲಿ ಕೈಲೆ ಕೈಮುಗದು ನಿಂತಿದ್ರಂತ. ಆ ವಾರದಾಗ ನನ್ನ ಗಂಡಗ ಅದೇನು ತಿಳೀತೋ, ಅವ್ವನ ಮಾತು ಮೊದಲನೇ ಸಲ ಮೀರಿ ನನ್ನನ್ನ ಭಾಲ್ಕಿ ಬಸ್ಸಿಗಿ ಹತ್ತಿಸಿದ್ರು. ಭಾಲ್ಕಿಯಿಂದ ಬಂಡಿ. ನಾಕಾ ಎಲ್ಲದ ಅಂತ ಹಾದಿಯುದ್ದಕ್ಕ ಕುತ್ತಿಗಿ ಚಾಚಿ ನೋಡೇ ನೋಡಿದೆ. ಒಬ್ಬ ಸಿಪಾಯಿ ಇಲ್ಲ, ಒಂದು ಅಡ್ಡಗಟ್ಟಿಗಿ ಇಲ್ಲ. ಅವ್ವ ಅಗಸಿ ಬಾಗಿಲದಾಗ ನಿಂತಿದ್ಲು. ಮೆಹಕರ ಎಲ್ಲಿಗೂ ಹೋಗಿದ್ದಿಲ್ಲ. ಗಂಡು ಕೂಸು ಹುಟ್ಟಿತು. ಮೂರನೇ ದಿನ ನಾ ಕಣ್ಣು ಮುಚ್ಚಲಿಲ್ಲ. ನಾಕನೇ ದಿನನೂ ಅದು ಅತ್ತಾಗ, ನಾನೂ ಅದರ ಜೋಡಿ ಅತ್ತೆ.

ಹದಿನೈದು ದಿನಕ್ಕ ಅಂಗಳದಾಗ ಒಂದು ಬಂಡಿ ನಿಂತಿತು. ನಕ್ಷಾ ಕಾಕಾ! ಬಂಡ್ಯಾಗ ಒಂದು ಟ್ರಂಕು, ಹಾಸಿಗಿ ಸುರಳಿ. ಕಚೇರಿನೂ ಎರಡಾಗಿತ್ತು, ಇವರನ್ನ ಆ ಕಡಿ ಉದಗೀರಕ್ಕ ಹಾಕಿದ್ರು. ಸರಹದ್ದೇ ಇಲ್ಲ ಅಂತ ಬರದವರು ಸರಹದ್ದು ದಾಟಿ ಹೊಂಟಿದ್ರು. ಹಾದಿ ಮ್ಯಾಲೇ ಅದ, ಕೂಸು ನೋಡಿ ಹೋಗ್ತೀನಿ ಅಂದ್ರಂತ. ಅವ್ವ ಕೂಸಿನ ಎತ್ತಿಕೊಂಡು ಕಟ್ಟಿಗಿ ಹೋದ್ಲು. ನಾ ಬಾಗಿಲ ಸಂದಿಲೆ ನೋಡತಿದ್ದೆ. ಕೂಸಿನ ತಲಿ ಮ್ಯಾಲ ಆ ಕುಂಚಗಿ.

ಕಾಕಾ ಕೂಸಿನ ಮಾರಿ ನೋಡಿದ್ರು. ಆಮ್ಯಾಲ ಕುಂಚಗಿ ಅಂಚು ಎರಡು ಬೆರಳಿನಾಗ ಹಿಡದು, ಕಚೇರಿದಾಗ ಬಟ್ಟಿ ಪರೀಕ್ಷಾ ಮಾಡಿದಂಗ ತಿಕ್ಕಿದ್ರು. ಮಡಚಿ ಹೊರಳಿತು. ಕೆಂಪು ಕಲಿ. ಅದರ ಮ್ಯಾಲ ಹೆಬ್ಬೆರಳು ಇಟ್ಟರು.

"ಗಂಜಿ ಪೂರಾ ಹೋಗ್ಯದ" ಅಂದರು, ಒಳಗಿದ್ದ ನನಗ ಕೇಳೋಹಂಗ. "ಛಲೋ ಮೆತ್ತಗಾಗ್ಯದ, ಮಗಳ. ಕೂಸಿಗಿ ಚುಚ್ಚಂಗಿಲ್ಲ."

ಮಡಚಿ ಮೊದಲಿನಂಗ ಒಳಗ ಹಾಕಿ, ಬಂಡಿ ಹತ್ತಿದ್ರು. ನಾ ಎದ್ದೆ. ಬಾಣಂತಿ ಹೊಸ್ತಿಲ ದಾಟಬಾರದು ಅಂತ ಅವ್ವ ಅಡ್ಡ ಬಂದ್ಲು. ದಾಟೋದೇನು, ಅಲ್ಲಿಂದಲೇ ಒದರಿದ್ರೂ ಕೇಳತಿತ್ತು. ಒದರಲಿಲ್ಲ.

ಈಗ ನಳ ಬಂದದ, ಎರಡು ದಿನಕ್ಕೊಮ್ಮಿ ನೀರು. ದವಾಖಾನಿ ಆಟೋದಾಗ ಹತ್ತು ನಿಮಿಷ. ಕೇರಿ ಇನ್ನೂ ಅದ. ಬಾವಿದಾಗ ಕಸ ತುಂಬ್ಯದ, ಎಲ್ಲಾರಿಗೂ ಒಂದೇ ಆಯ್ತು ನೋಡ್ರಿ, ಯಾರಿಗೂ ನೀರಿಲ್ಲ. ಉದಗೀರಕ್ಕ ಬಸ್ಸಿನಾಗ ಎರಡು ತಾಸು. ಗಂಟು ಬಿಚ್ಚಿಸಿ ನೋಡೋ ಸಿಪಾಯಿ ಎಂದೂ ಬರಲಿಲ್ಲ. ನಾ ಯಾವಾಗ ಬೇಕಾದ್ರೂ ಹೋಗಬಹುದಿತ್ತು. ಈ ಸುಗ್ಗಿ ಆಗಲಿ, ಆ ಮದಿವಿ ಮುಗೀಲಿ ಅಂತ ತಳ್ಳಿದೆ. ಕಾಕಾ ಹೋಗಿಬಿಟ್ಟರು ಅಂತ ಆ ಕಡಿಯವರು ಯಾರೋ ಹೇಳಿದ್ರು. ಅದೂ ಯಾವ ಕಾಲದ ಮಾತೋ.

ಮೊನ್ನಿ ಬಚ್ಚಲದಿಂದ ಬಂದು ಟ್ರಂಕು ತಗದೆ. ಕುಂಚಗಿ ಕೈಗಿ ಬಂತು. ಮೊಮ್ಮಗಳು ಬಾಜೂ ಕೂತು, ಅಪ್ಪ ಹಾಕ್ಕೊಂಡಿದ್ದೇನಜ್ಜಿ ಇದು, ನನ್ನ ಕೂಸಿಗೂ ಹಾಕೋಣು ಅಂದ್ಲು. ಒಳಮಡಚಿ ಹೊರಳಿಸಿ ನೋಡಿ, "ಕುಂಕುಮ ಬಿದ್ದದೇನಿದು?" ಅಂದ್ಲು.

"ಅಲ್ಲವ್ವಾ, ಅದು ಮೆಹಕರ" ಅಂದೆ. "ಅದರ ಸುತ್ತ ಒಂದು ದೊಡ್ಡ ಊರಿತ್ತು. ನಾನೇ ತೊಳದುಬಿಟ್ಟೆ."

ಇಷ್ಟು ವರ್ಷದಾಗ ಮೊದಲನೇ ಸಲ ಬಾಯಿಬಿಟ್ಟು ಹೇಳಿದೆ. ಕೇಳಬೇಕಾದವರಿಗಿ ಹೇಳಲಿಲ್ಲ.